ಹಿತ್ತಾಳೆ ಹಿಡಿಯ ಅಡಕತ್ತರಿ: ಕಾಸಿ, ಕೂಡಿಸಿ, ಕೆತ್ತುವ ಕ್ರಮ

ನಾನು ಮಾಡಿದ ಮೊದಲ ಅಡಕತ್ತರಿ ಈಗಲೂ ಅಟ್ಟದ ಮೇಲೆ ಬಿದ್ದುಕೊಂಡಿದೆ. ಅದರ ಹಿಡಿಯ ಮೇಲೆ ಹದಿನೈದು ದಿನ ಕೂತು ಕೆತ್ತಿದ ಬಳ್ಳಿ ಇದೆ, ಬಳ್ಳಿಯ ನಡುವಿನ ಹೂವಿನ ಮೇಲೆ ಸುತ್ತಿಗೆ ಜಾರಿ ಬಿದ್ದ ಒಂದು ಹಳ್ಳವೂ ಇದೆ. ಹಿತ್ತಾಳೆ ತಗಡನ್ನು ಮೊದಲೇ ಕೆತ್ತಿಟ್ಟು ಆಮೇಲೆ ಮೊಳೆ ಹೊಡೆದು ಹಿಡಿಗೆ ಕೂರಿಸಲು ಹೋದದ್ದರ ಫಲ ಅದು. ಅಷ್ಟಾದರೂ ಸಹಿಸಬಹುದಿತ್ತು. ಅಡಿಕೆ ಇಟ್ಟು ಒತ್ತಿದರೆ ಹೋಳಾಗುವ ಬದಲು ಚಿಮ್ಮಿ ಅಂಗಳಕ್ಕೆ ಹೋಯಿತು. ಪೆರ್ಲದ ಹತ್ತಿರ ನನಗೆ ಕುಲುಮೆ ಕೆಲಸ ಹೇಳಿಕೊಟ್ಟ ಆಚಾರಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹೂವು ಚಂದ ಉಂಟು ಮಾಷ್ಟ್ರೇ, ಕತ್ತರಿ ಎಲ್ಲಿ?" ಅಂದರು.

ಹಾಗಾಗಿ ಈ ಬರಹದಲ್ಲಿ ಕೆತ್ತನೆಯ ಮಾತು ತಡವಾಗಿ ಬರುತ್ತದೆ. ಮೊದಲು ಕತ್ತರಿಯಾಗಬೇಕು, ಐವತ್ತು ಅಡಿಕೆ ಹೋಳು ಮಾಡಿ ತೋರಿಸಬೇಕು, ಆಮೇಲೆ ಹೂವು.

ಘಟ್ಟದ ಮೇಲಿನವರು ಇದನ್ನು ಅಡಕೊತ್ತು ಎನ್ನುತ್ತಾರೆ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಎಲೆಯಡಿಕೆ ಹಾಕುವವರು ಕಡಿಮೆಯಾಗಿದ್ದಾರೆ, ನಾನೂ ಬಿಟ್ಟಿದ್ದೇನೆ, ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೂ ಮದುವೆ, ಉಪನಯನ, ಮನೆ ಒಕ್ಕಲು ಅಂದಾಗ ಹರಿವಾಣದಲ್ಲಿ ವೀಳ್ಯದೆಲೆಯ ಪಕ್ಕ ಒಂದು ಒಳ್ಳೆಯ ಅಡಕತ್ತರಿ ಇರಲಿ ಎಂಬ ಆಸೆ ಜನರಿಗೆ ಹೋಗಿಲ್ಲ. ಅಂಗಡಿಯಲ್ಲಿ ಸಿಗುವುದು ಎರಕದ್ದು, ಎರಡು ವರ್ಷಕ್ಕೆ ಕೀಲು ಲಟಪಟ.

ಬೇಕಾದ ಸಾಮಾನು

ಅಲಗಿಗೆ ಜೀಪಿನ ಹಳೆಯ ಸ್ಪ್ರಿಂಗ್ ಪ್ಲೇಟು. ನಮ್ಮ ಗುಡ್ಡದ ದಾರಿಗಳಲ್ಲಿ ಓಡಿ ಸವೆದ ಜೀಪುಗಳಿಗೆ ಬರವಿಲ್ಲ, ಗ್ಯಾರೇಜಿನಲ್ಲಿ ಗುಜರಿ ಬೆಲೆಗೆ ಸಿಗುತ್ತದೆ. ಸುಮಾರು 6 ಮಿ.ಮೀ. ದಪ್ಪದ್ದು ಸಾಕು. ಲಾರಿಯದ್ದು ದಪ್ಪ, ಬಡಿದು ತೆಳ್ಳಗೆ ಮಾಡುವಷ್ಟರಲ್ಲಿ ಭುಜ ಬಿದ್ದುಹೋಗುತ್ತದೆ. ಈ ಉಕ್ಕಿನಲ್ಲಿ ಇಂಗಾಲ ಶೇಕಡ 0.5ರಿಂದ 0.6ರಷ್ಟಿರುತ್ತದೆ, ಹದ ಹಾಕಿದರೆ, ಅಂದರೆ ಕಾಸಿ ಎಣ್ಣೆಗೆ ಅದ್ದಿ ಮತ್ತೆ ಮೆಲ್ಲಗೆ ಕಾಸಿದರೆ, ಗಡುಸಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುವುದಿಲ್ಲ. ಅಡಿಕೆಗೆ ಬೇಕಾದ್ದೇ ಅದು. ಬಿರುಕಿದ್ದ ಪ್ಲೇಟು ಬೇಡ. ಮುರಿದ ಪ್ಲೇಟಾದರೆ ಮುರಿದ ಜಾಗದಿಂದ ದೂರದ ತುಂಡನ್ನೇ ಕೊಯ್ದುಕೊಳ್ಳಿ, ಕಣ್ಣಿಗೆ ಕಾಣದ ಸೀಳು ಅಲ್ಲೇ ಅಡಗಿರುತ್ತದೆ.

ಕೆಳಗಿನ ತೋಳಿಗೆ 8 ಮಿ.ಮೀ. ದಪ್ಪದ ಸಾಧಾರಣ ಕಬ್ಬಿಣದ ಪಟ್ಟಿ. ಹಿಡಿಯ ಮೈಗೆ 3 ಮಿ.ಮೀ. ಹಿತ್ತಾಳೆ ತಗಡು, ಅದನ್ನು ಕೂರಿಸಲು 3 ಮಿ.ಮೀ. ಹಿತ್ತಾಳೆ ಸರಳು, ಕೀಲಿಗೆ 6 ಮಿ.ಮೀ. ಕಬ್ಬಿಣದ ಸರಳು. ಸುತ್ತಿಗೆ, ಇಕ್ಕಳ, ಬೆಂಚ್ ವೈಸ್, ಹ್ಯಾಕ್ಸಾ, ದೊಡ್ಡ ಅರ, ಅರೆಗೋಲದ ಅರ, ಸಣ್ಣ ಅರಗಳ ಒಂದು ಕಟ್ಟು, ಡ್ರಿಲ್, ಎಮರಿ ಕಾಗದ. ಬೆಂಕಿಗೆ ಗೆರಟೆ ಇದ್ದಿಲು. ತೆಂಗಿನ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಇದ್ದಿಲು ಹುಡುಕಬೇಕಾಗಿಲ್ಲ, ಕಾವು ಜೋರು, ಬೂದಿ ಕಡಿಮೆ. ಕಿಡಿ ಮಾತ್ರ ಸಿಡಿಯುತ್ತದೆ. ಪ್ಲಾಸ್ಟಿಕ್ ಬಟ್ಟೆ ಹಾಕಿಕೊಂಡು ಕೂರಬೇಡಿ, ಹತ್ತಿಯ ಪಂಚೆಯೇ ಲೇಸು, ಕಣ್ಣಿಗೆ ಕನ್ನಡಕ ಇರಲೇಬೇಕು.

ನಕ್ಷೆ: ಅಡಿಕೆ ಯಾಕೆ ಚಿಮ್ಮುತ್ತದೆ?

ರಟ್ಟಿನ ಮೇಲೆ ಪೂರ್ತಿ ಅಳತೆಯಲ್ಲಿ ಬರೆದುಕೊಳ್ಳಿ. ಒಟ್ಟು ಉದ್ದ 20 ಸೆಂ.ಮೀ., ತುದಿಯಲ್ಲಿ ಕೀಲು, ಕೀಲಿನಿಂದ 7 ಸೆಂ.ಮೀ. ಅಲಗು, ಉಳಿದದ್ದು ಹಿಡಿ. ಅಡಿಕೆ ಕೂರುವುದು ಕೀಲಿನಿಂದ ಸುಮಾರು 3.5 ಸೆಂ.ಮೀ. ದೂರದಲ್ಲಿ, ಕೈ ಒತ್ತುವುದು 15 ಸೆಂ.ಮೀ. ದೂರದಲ್ಲಿ. ಅಂದರೆ ಕೈಯ ಬಲದ ನಾಲ್ಕು ಪಟ್ಟಿಗಿಂತ ಹೆಚ್ಚು ಅಡಿಕೆಯ ಮೇಲೆ ಬೀಳುತ್ತದೆ. ಬಿಸಿಲಿನಲ್ಲಿ 40–45 ದಿನ ಒಣಗಿದ ಚಾಲಿ ಅಡಿಕೆಗೆ ಅಷ್ಟು ಬೇಕೇ ಬೇಕು.

ಎರಡು ತೋಳುಗಳು ಮುಚ್ಚುತ್ತಾ ಬರುವಾಗ ಅವುಗಳ ನಡುವಿನ ಕೋನ ಅಡಿಕೆಯನ್ನು ಹಿಡಿಯ ಕಡೆಗೆ ತಳ್ಳುತ್ತದೆ. ಅಲಗಿನ ಬಾಯಿ ನೇರವಾಗಿದ್ದರೆ ಉರುಟು ಅಡಿಕೆಗೆ ತಡೆಯೇ ಇಲ್ಲ. ನನ್ನ ಮೊದಲ ಕತ್ತರಿಯ ರೋಗ ಇದೇ. ಅಲಗಿನ ಬಾಯಿಯನ್ನು ಒಳಕ್ಕೆ ಸ್ವಲ್ಪ ಬಾಗಿಸಿ, ಕುಡುಗೋಲಿನಷ್ಟು ಬೇಡ, 7 ಸೆಂ.ಮೀ. ಉದ್ದಕ್ಕೆ 5 ಮಿ.ಮೀ. ಬಾಗಿದರೆ ಸಾಕು. ಕೆಳತೋಳಿನ ಮೇಲೂ ಅಡಿಕೆ ಕೂರುವ ಕಡೆ ಅರೆಗೋಲದ ಅರದಿಂದ ಒಂದು ತಗ್ಗು ಮಾಡಿ. ಅಡಿಕೆ ಅಲ್ಲಿ ಕೋಳಿ ಮೊಟ್ಟೆಗೆ ಕೂತ ಹಾಗೆ ಕೂರಬೇಕು.

ಅಲಗು ಕೆಳತೋಳಿನ ಮೇಲೆ ಬಂದು ಬಡಿಯಬಾರದು, ಬಟ್ಟೆ ಕತ್ತರಿಯ ಹಾಗೆ ಪಕ್ಕದಿಂದ ಉಜ್ಜಿಕೊಂಡು ಇಳಿಯಬೇಕು. ಆದ್ದರಿಂದ ಅಲಗಿನ ಒಂದು ಮುಖ ಚಪ್ಪಟೆ, ಇಳಿಜಾರು ಇನ್ನೊಂದು ಮುಖಕ್ಕೆ ಮಾತ್ರ.

ಕುಲುಮೆಯ ಮುಂದೆ

ಸ್ಪ್ರಿಂಗ್ ಪ್ಲೇಟು ಮೊದಲು ಮೆತ್ತಗಾಗಬೇಕು. ಕೆಂಪಗೆ ಕಾಸಿ, ಬೂದಿ ತುಂಬಿದ ತಗಡಿನ ಡಬ್ಬಿಯಲ್ಲಿ ಹುಗಿದು ರಾತ್ರಿ ಬಿಡಿ. ಬೆಳಗ್ಗೆ ಹ್ಯಾಕ್ಸಾ ಕಚ್ಚುತ್ತದೆ. ಗೀರಿದ ಗುರುತಿನ ಹೊರಗೆ ಎರಡು ಮಿಲಿಮೀಟರ್ ಬಿಟ್ಟು ಕೊಯ್ದುಕೊಂಡು, ಮತ್ತೆ ಕಾಸಿ ಬಡಿಯಲು ತೊಡಗಿ. ಕಿತ್ತಳೆ ಬಣ್ಣ ಇರುವಾಗ ಬಡಿಯಿರಿ, ಮಂಕು ಕೆಂಪಿಗೆ ಬಂದ ಕೂಡಲೇ ನಿಲ್ಲಿಸಿ ಮತ್ತೆ ಬೆಂಕಿಗಿಡಿ. ತಣಿದ ಉಕ್ಕನ್ನು ಹಟ ಹಿಡಿದು ಬಡಿದರೆ ಅಂಚು ಸೀಳುತ್ತದೆ. ಬಿಳಿಯಾಗಿ ಪಟಾಕಿಯ ಹಾಗೆ ಕಿಡಿ ಹಾರಿದರೆ ಉಕ್ಕು ಸುಟ್ಟಿತು ಎಂದೇ ಲೆಕ್ಕ, ಆ ತುದಿ ಕತ್ತರಿಸಿ ಬಿಸಾಡಿ.

ಬಡಿಯುವುದರಲ್ಲಿ ಮೂರೇ ಕೆಲಸ: ಬಾಯಿಯ ಬಾಗು, ಅಲಗಿನಿಂದ ಹಿಡಿಗೆ ಇಳಿಯುವ ಕತ್ತು, ಹಿಡಿಯ ಉದ್ದಕ್ಕೂ ಕೈಗೆ ಒಗ್ಗುವ ಸಣ್ಣ ಬಳುಕು. ಅಲಗು ಕೆಳತೋಳಿನ ಪಕ್ಕದಲ್ಲಿ ಇಳಿಯುವುದರಿಂದ ಹಿಡಿಗಳು ಒಂದಕ್ಕೊಂದು ಸರಿದು ನಿಲ್ಲುತ್ತವೆ. ಕತ್ತಿನ ಹತ್ತಿರ ಒಂದೊಂದನ್ನೂ ಅರ್ಧ ದಪ್ಪದಷ್ಟು ಒಳಕ್ಕೆ ಬಗ್ಗಿಸಿದರೆ ಅಂಗೈಯಲ್ಲಿ ನೇರವಾಗಿ ಕೂರುತ್ತವೆ.

ಬಡಿದು ಮುಗಿದ ಮೇಲೆ ಅಲಗನ್ನು ಮೂರು ಸಲ ಕೆಂಪಗೆ ಕಾಸಿ ಗಾಳಿಗೆ ತೂಗಿಟ್ಟು ತಣಿಸಿ. ಏಟಿನಿಂದ ಒಳಗೆ ಸೇರಿದ ಬಿಗಿತ ಸಡಿಲವಾಗುತ್ತದೆ. ಇದನ್ನು ಬಿಟ್ಟರೆ ಎಣ್ಣೆಗೆ ಹಾಕಿದಾಗ ಅಲಗು ಬಾಳೆಹಣ್ಣಿನ ಹಾಗೆ ಬಾಗಿಕೊಳ್ಳುತ್ತದೆ.

ಅರ, ತೂತು, ಕೀಲು

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ, ಹೇಳುವುದಕ್ಕೆ ಹೆಚ್ಚಿಲ್ಲ. ಅಲಗಿನ ಚಪ್ಪಟೆ ಮುಖವನ್ನು ಗಾಜಿನ ಮೇಲೆ ಎಮರಿ ಕಾಗದ ಇಟ್ಟು ಉಜ್ಜಿ ಮಟ್ಟ ಮಾಡಿ. ಇಳಿಜಾರನ್ನು ಅರದಿಂದ 25–30 ಡಿಗ್ರಿಗೆ ತನ್ನಿ, ಆದರೆ ಬಾಯಿಯಲ್ಲಿ ಒಂದು ಮಿಲಿಮೀಟರ್ ದಪ್ಪ ಉಳಿಸಿ. ಈಗಲೇ ಹರಿತ ಮಾಡಿದರೆ ಹದ ಹಾಕುವಾಗ ತೆಳು ಅಂಚು ಸೀಳಿಹೋಗುತ್ತದೆ. ತೂತುಗಳೆಲ್ಲ ಈಗಲೇ ಆಗಬೇಕು, ಗಡುಸಾದ ಮೇಲೆ ಡ್ರಿಲ್ ಬಿಟ್ಟಿಗೆ ಸಂಕಟ. ಕೀಲಿನ ತೂತನ್ನು ಎರಡೂ ತೋಳು ಒಟ್ಟಿಗೆ ಕಚ್ಚಿ ಹಿಡಿದು ಒಂದೇ ಏಟಿಗೆ ಕೊರೆಯಿರಿ, ಬೇರೆ ಬೇರೆ ಕೊರೆದರೆ ಕೂದಲಿನಷ್ಟಾದರೂ ತಪ್ಪುತ್ತದೆ. ತಾತ್ಕಾಲಿಕಕ್ಕೆ ಒಂದು ಬೋಲ್ಟು ಹಾಕಿ ಬಾಯಿ ತೆರೆದು ಮುಚ್ಚಿ ನೋಡಿ. ಬೆಳಕಿಗೆ ಹಿಡಿದಾಗ ಅಲಗು ಮತ್ತು ಕೆಳತೋಳಿನ ನಡುವೆ ಕಾಗದದಷ್ಟು ಸಂದು ಕಾಣಬಹುದು, ಅದಕ್ಕಿಂತ ಹೆಚ್ಚಿದ್ದರೆ ಅಡಿಕೆ ಕತ್ತರಿಸದೆ ಮುರಿಯುತ್ತದೆ.

ಹದ

ಸಂಜೆ ಮಬ್ಬುಗತ್ತಲಲ್ಲಿ ಮಾಡಿ, ಹಗಲ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಒಂದು ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ ದಾಟಿದ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೂ ಒಂದು ಛಾಯೆ ಕಾವು ಏರಲಿ, ಅಲಗಿನುದ್ದಕ್ಕೂ ಒಂದೇ ಬಣ್ಣ ಬರಲಿ, ಆಗ ಬಾಯಿಯನ್ನು ಕೆಳಗೆ ಮಾಡಿ ಎಣ್ಣೆಗೆ ಇಳಿಸಿ.

ಎಣ್ಣೆ ಯಾವುದು? ನಾನು ತೆಂಗಿನೆಣ್ಣೆಯನ್ನೇ ಬಳಸುತ್ತೇನೆ. ಧನು ತಿಂಗಳ ಬೆಳಗ್ಗೆ ಗಟ್ಟಿಯಾಗಿ ಕೂತಿದ್ದರೆ ಮೊದಲು ಕರಗಿಸಿ, 50–60 ಡಿಗ್ರಿಯಷ್ಟು ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಕಾವನ್ನು ಬೇಗ ಎಳೆಯುತ್ತದೆ. ಪಾತ್ರೆ ಕಬ್ಬಿಣದ್ದಿರಲಿ, ಆಳವಿರಲಿ, ಮುಚ್ಚಳ ಕೈಗೆಟುಕುವಲ್ಲಿರಲಿ. ಬೆಂಕಿ ಹತ್ತಿದರೆ ಮುಚ್ಚಿಬಿಡಿ, ನೀರು ಹೊಯ್ಯುವ ಕೆಲಸ ಮಾತ್ರ ಬೇಡ. ಹಪ್ಪಳ ಕರಿದ ವಾಸನೆಗೆ ಮನೆಯ ಮಕ್ಕಳು ಓಡಿ ಬರುತ್ತಾರೆ, ಅವರನ್ನು ಜಗಲಿಯ ಆಚೆಗೇ ನಿಲ್ಲಿಸಿ.

ಎಣ್ಣೆಯಿಂದ ತೆಗೆದ ಅಲಗಿನ ಮೇಲೆ ಅರ ಜಾರಬೇಕು, ಕಚ್ಚಬಾರದು. ಆದರೆ ಈ ಸ್ಥಿತಿಯಲ್ಲಿ ಕೈಜಾರಿ ಕೆಳಗೆ ಬಿದ್ದರೂ ಒಡೆಯಬಹುದು. ತಡಮಾಡದೆ ಒಂದು ಮುಖವನ್ನು ಹೊಳೆಯುವಂತೆ ಉಜ್ಜಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಸಿ. ಹೊಳೆಯುವ ಮೈಮೇಲೆ ಬಣ್ಣ ಓಡುತ್ತಾ ಬರುತ್ತದೆ: ಮೊದಲು ಬೈಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಬಾಯಿಯ ಅಂಚಿಗೆ ದಟ್ಟ ಹಳದಿ ಮುಟ್ಟಿದ ಕ್ಷಣ, ಸುಮಾರು 230 ಡಿಗ್ರಿ, ನೀರಿಗೆ ಅದ್ದಿ ನಿಲ್ಲಿಸಿ. ಬೆನ್ನು ಆಗ ನೀಲಿಯಾಗಿರುತ್ತದೆ, ಬಳುಕುವ ಶಕ್ತಿ ಅದಕ್ಕಿರಲಿ. ಬ್ರೆಡ್ ಸುಡುವ ಓವನ್ ಇದ್ದವರು 220 ಡಿಗ್ರಿಯಲ್ಲಿ ಒಂದೊಂದು ಗಂಟೆಯಂತೆ ಎರಡು ಸಲ ಇಟ್ಟರೂ ಆಗುತ್ತದೆ, ಅದರಲ್ಲಿ ತಪ್ಪುವುದು ಕಡಿಮೆ. ನನಗೆ ಮಾತ್ರ ಬಣ್ಣ ಓಡುವುದನ್ನು ನೋಡುವುದೇ ಈ ಇಡೀ ಕೆಲಸದ ಸುಖ.

ಹಿತ್ತಾಳೆ ಕೂರಿಸುವುದು

ತಗಡನ್ನು ಹಿಡಿಯ ಆಕಾರಕ್ಕೆ ಕತ್ತರಿಸಿ, ಮಬ್ಬು ಬೆಳಕಲ್ಲಿ ಮಂಕು ಕೆಂಪು ಕಾಣುವಷ್ಟು ಕಾಸಿ ನೀರಿಗೆ ಹಾಕಿ. ಉಕ್ಕು ಹೀಗೆ ಮಾಡಿದರೆ ಗಡುಸಾಗುತ್ತದೆ, ಹಿತ್ತಾಳೆ ಮೆತ್ತಗಾಗುತ್ತದೆ. ಹೆಚ್ಚು ಕಾಸಬೇಡಿ. ಅದರಲ್ಲಿರುವ ಸತು 907 ಡಿಗ್ರಿಗೆ ಕುದಿಯುತ್ತದೆ, ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ.

ಮೆತ್ತಗಾದ ತಗಡನ್ನು ಮರದ ಸುತ್ತಿಗೆಯಿಂದ ಹಿಡಿಯ ಬಳುಕಿಗೆ ಒಗ್ಗಿಸಿ, ತೂತು ಹಾಕಿ. ತೂತಿನ ಹೊರಬಾಯಿಯನ್ನು ದೊಡ್ಡ ಬಿಟ್ಟಿನಿಂದ ಸ್ವಲ್ಪ ಅಗಲಿಸಿ. ಹಿತ್ತಾಳೆ ಸರಳಿನ ತುಂಡನ್ನು ಎರಡೂ ಕಡೆ ಒಂದೂವರೆ ಮಿಲಿಮೀಟರ್ ಹೊರಗೆ ಬಿಟ್ಟು ಕತ್ತರಿಸಿ, ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಹರಡಿ. ಆ ಅಗಲಿಸಿದ ಬಾಯಿ ತುಂಬಿಕೊಂಡರೆ ಅರ ಹಾಕಿದ ಮೇಲೆ ಮೊಳೆ ಎಲ್ಲಿದೆ ಎಂದು ನಿಮಗೇ ತಿಳಿಯುವುದಿಲ್ಲ. ತಗಡು ಹಿತ್ತಾಳೆ, ಸರಳೂ ಹಿತ್ತಾಳೆಯಾಗಿರಬೇಕಾದ್ದು ಇದಕ್ಕೇ. ಅಂಚುಗಳನ್ನು ಉರುಟು ಮಾಡಿ, 220ರಿಂದ ಶುರುಮಾಡಿ 600ರ ತನಕ ಎಮರಿ ಕಾಗದ ಎಳೆಯಿರಿ.

ಈಗ ಕೀಲು. ಬೋಲ್ಟು ತೆಗೆದು 6 ಮಿ.ಮೀ. ಸರಳು ತೂರಿಸಿ, ತೋಳುಗಳ ನಡುವೆ ಎಣ್ಣೆ ಹಚ್ಚಿದ ನೋಟುಪುಸ್ತಕದ ಹಾಳೆಯ ತುಂಡು ಇಟ್ಟು, ಎರಡೂ ಕಡೆ ವಾಷರ್ ಕೊಟ್ಟು ತಲೆ ಹರಡಿ. ನಾಲ್ಕು ಏಟಿಗೊಮ್ಮೆ ತೆರೆದು ಮುಚ್ಚಿ ನೋಡುತ್ತಿರಿ. ಹಾಳೆ ಎಳೆದು ತೆಗೆದ ಮೇಲೆ ಕತ್ತರಿ ತನ್ನ ಭಾರಕ್ಕೆ ತಾನೇ ತೆರೆಯಬಾರದು, ಬೆರಳಿಂದ ತಳ್ಳಿದರೆ ನಿಲ್ಲಲೂಬಾರದು.

ಬಾಯಿಯನ್ನು ಸಾಣೆಕಲ್ಲಿಗೆ ಹಿಡಿದು ಹರಿತ ಮಾಡಿ, ಇಳಿಜಾರಿನ ಕಡೆಯಿಂದ ಮಾತ್ರ. ನಂತರ ಐವತ್ತು ಅಡಿಕೆ. ಅದರಲ್ಲಿ ಹತ್ತಾದರೂ ಹಳೆಯ ಚಾಲಿ ಇರಲಿ, ನೀರಡಿಕೆಯನ್ನು ಅಡುಗೆ ಚೂರಿಯೂ ಕತ್ತರಿಸುತ್ತದೆ. ಬಾಯಿ ಮಡಚಿದರೆ ಹದ ಕಡಿಮೆಯಾಗಿದೆ, ಚಕ್ಕೆ ಎದ್ದರೆ ಹೆಚ್ಚಾಗಿದೆ. ಎರಡಕ್ಕೂ ಮದ್ದು ಒಂದೇ: ಕೀಲು ಬಿಚ್ಚಿ, ಹಿತ್ತಾಳೆ ಕಿತ್ತು, ಮತ್ತೆ ಕುಲುಮೆಗೆ. ಹಿಡಿಯ ಮೇಲೆ ಇನ್ನೂ ಏನೂ ಕೆತ್ತಿಲ್ಲವಾದ್ದರಿಂದ ಅಳು ಬರುವುದಿಲ್ಲ.

ಕೆತ್ತನೆ

ಹಳೆಯ ಕೇಪಿನ ಕೋವಿ ನೋಡಿದವರಿಗೆ ಅದರ ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಪಕ್ಕದ ಉಕ್ಕಿನ ಫಲಕದ ಮೇಲೆ ಎಲೆಬಳ್ಳಿ ಕೆತ್ತಿರುವುದು ನೆನಪಿರಬಹುದು. ಅದಕ್ಕೆ ಬಳಸುವ ಉಳಿಯೂ ಕೈಚಳಕವೂ ಇದೇ. ವ್ಯತ್ಯಾಸ ಕ್ರಮದಲ್ಲಿದೆ: ಕೋವಿಯವರು ಫಲಕವನ್ನು ಕೂರಿಸಿ ನೋಡಿ, ಮೆತ್ತಗಿರುವಾಗಲೇ ಕೆತ್ತಿ, ಆಮೇಲೆ ಮೇಲ್ಮೈ ಗಡುಸು ಮಾಡುತ್ತಾರೆ. ನಮ್ಮ ಕೆತ್ತನೆ ಹಿತ್ತಾಳೆಯ ಮೇಲೆ, ಅದಕ್ಕೆ ಹದದ ಹಂಗಿಲ್ಲ, ಕೊನೆಗೆ ಕೆತ್ತಬಹುದು. ಕೋವಿಯನ್ನೇ ಕಟ್ಟುವ ಆಸೆ ಕೆಲವರಿಗೆ ಹುಟ್ಟುತ್ತದೆ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿ ತಯಾರಿಸುವುದು ಅಪರಾಧ, ಆ ಹುಚ್ಚು ಅಡಕತ್ತರಿಯಲ್ಲೇ ತೀರಿಸಿಕೊಳ್ಳಿ.

ಉಳಿಗೆ 3 ಮಿ.ಮೀ. ಚೌಕದ ಹೈಸ್ಪೀಡ್ ಉಕ್ಕಿನ ಕಡ್ಡಿ ಒಳ್ಳೆಯದು, ಸಿಗದಿದ್ದರೆ ಸವೆದ ಸಣ್ಣ ಅರವನ್ನೇ ಉಜ್ಜಿ ಮಾಡಿಕೊಳ್ಳಬಹುದು. ಅರವನ್ನು ಉಜ್ಜುವಾಗ ನೀಲಿಯಾಗಲು ಬಿಡಬೇಡಿ, ಹದ ಹೋಗುತ್ತದೆ, ಆಗಾಗ ನೀರಿಗೆ ಅದ್ದಿ. ಹಿಂದಿನ ತುದಿಗೆ ಪೇರಳೆ ಮರದ ಅಣಬೆಯಾಕಾರದ ಗುಂಡು ಹಿಡಿ. ಗುಂಡು ಅಂಗೈಯ ಗುಳಿಯಲ್ಲಿ ಕೂತಾಗ ಉಳಿಯ ಮೊನೆ ಹೆಬ್ಬೆರಳಿನಿಂದ ಎರಡು ಸೆಂಟಿಮೀಟರ್ ಮಾತ್ರ ಮುಂದಿರಬೇಕು, ಉದ್ದವಾದರೆ ಹಿಡಿತ ತಪ್ಪುತ್ತದೆ. ಮುಖವನ್ನು 45 ಡಿಗ್ರಿಗೆ ಉಜ್ಜಿ. ಅಡಿಯ ಎರಡು ಮೈಗಳು ಸೇರುವ ಕೋನ 105 ಡಿಗ್ರಿಯಷ್ಟಿರಲಿ. ಮೊನೆಯ ಹತ್ತಿರ ಅಡಿಯಲ್ಲಿ 15 ಡಿಗ್ರಿಯ ಸಣ್ಣ ಹಿಮ್ಮಡಿ ಕೊಡಿ, ಅದಿಲ್ಲದಿದ್ದರೆ ಉಳಿ ನೆಲ ಅಗೆಯುವ ಹಂದಿಯ ಹಾಗೆ ಒಳಕ್ಕೇ ಹೋಗುತ್ತದೆ. ಹಿಮ್ಮಡಿಯನ್ನು ಕನ್ನಡಿಯಷ್ಟು ನಯ ಮಾಡಿ, ಗೆರೆಯೊಳಗಿನ ಹೊಳಪು ಬರುವುದು ಅಲ್ಲಿಂದಲೇ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಹಗುರವಾಗಿ ಇಟ್ಟಾಗ ಜಾರದೆ ಕಚ್ಚಿದರೆ ಹರಿತವಾಗಿದೆ.

ಅಡಕತ್ತರಿಯನ್ನು ಹಿಡಿದಿಡಲು ಅಕ್ಕಸಾಲಿಗರ ಉಪಾಯ: ರಾಳ, ಜರಡಿ ಹಿಡಿದ ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ ಕರಗಿಸಿ ಹಲಗೆಯ ಮೇಲೆ ಹೊಯ್ದು, ಬಿಸಿಯಿರುವಾಗಲೇ ಹಿಡಿಯನ್ನು ಅದರಲ್ಲಿ ಒತ್ತಿ ಕೂರಿಸಿ. ಅಲಗಿನ ಹದಕ್ಕೆ ಆ ಕಾವಿನಿಂದ ಏನೂ ಆಗುವುದಿಲ್ಲ. ಅಲಗಿಗೆ ಮಾತ್ರ ದಪ್ಪ ಚರ್ಮ ಸುತ್ತಿ ಕಟ್ಟಿ, ಕೆತ್ತುವ ಗುಂಗಿನಲ್ಲಿ ಕೈ ಎಲ್ಲಿ ಹೋಗುತ್ತದೆಂದು ಹೇಳಲಾಗದು. ಹಲಗೆಯ ಅಡಿಗೆ ಮರಳು ತುಂಬಿದ ಚರ್ಮದ ಚೀಲ. ಈ ಚೀಲವೇ ಅರ್ಧ ವಿದ್ಯೆ. ಗೆರೆ ತಿರುಗಬೇಕಾದಾಗ ಉಳಿ ತಿರುಗುವುದಿಲ್ಲ, ಎಡಗೈ ಹಲಗೆಯನ್ನು ತಿರುಗಿಸುತ್ತದೆ, ಬಲಗೈಯ ಉಳಿ ಇದ್ದಲ್ಲೇ ಮುಂದಕ್ಕೆ ತಳ್ಳುತ್ತಿರುತ್ತದೆ.

ಒಂದು ವಾರ ಬರೀ ತುಂಡು ತಗಡಿನ ಮೇಲೆ ಅಭ್ಯಾಸ ಮಾಡಿ. ಒಂದು ಸೆಂಟಿಮೀಟರ್ ಉದ್ದದ ನೂರು ಸಮಾನಾಂತರ ಗೆರೆ. ಆಮೇಲೆ ಅರ್ಧಚಂದ್ರ, ಆಮೇಲೆ ಸುರುಳಿ. ಗೆರೆಯ ಆಳ ಕಾಲು ಮಿಲಿಮೀಟರ್ ದಾಟಬೇಕಾಗಿಲ್ಲ. ಉಳಿಯನ್ನು ಸ್ವಲ್ಪ ವಾಲಿಸಿದರೆ ಗೆರೆ ಅಗಲವಾಗುತ್ತದೆ, ನೆಟ್ಟಗೆ ಮಾಡಿದರೆ ಸಣ್ಣದಾಗುತ್ತದೆ. ಒಂದೇ ತಳ್ಳಿನಲ್ಲಿ ಸಣ್ಣದರಿಂದ ಅಗಲಕ್ಕೆ, ಮತ್ತೆ ಸಣ್ಣದಕ್ಕೆ ಬರಲು ಕೈ ಕಲಿತ ದಿನ ಎಲೆ ತಾನಾಗಿ ಬರುತ್ತದೆ.

ಹಿಡಿಗೆ ಬಿಳಿ ಪೋಸ್ಟರ್ ಬಣ್ಣ ತೆಳ್ಳಗೆ ಬಳಿದು, ಒಣಗಿದ ಮೇಲೆ ಪೆನ್ಸಿಲಿನಿಂದ ಬರೆಯಿರಿ. ಮೊದಲು ಬಳ್ಳಿಯ ನಡುಗೆರೆ ಮಾತ್ರ. ಹಿಡಿಯ ಅಗಲದ ಹಿಗ್ಗು ಕುಗ್ಗಿಗೆ ತಕ್ಕಂತೆ ಸುರುಳಿಗಳು ದೊಡ್ಡದಾಗಿ ಚಿಕ್ಕದಾಗಲಿ. ಎಲೆ ಹೂಗಳು ಆ ನಡುಗೆರೆಯಿಂದಲೇ ಹುಟ್ಟಬೇಕು, ಖಾಲಿ ಜಾಗ ತುಂಬಲು ತಂದು ಅಂಟಿಸಿದ ಹಾಗೆ ಇರಬಾರದು. ಮೊಳೆಯಿಂದ ತೆಳ್ಳಗೆ ಗೀರಿಕೊಂಡು ಬಣ್ಣ ತೊಳೆದು ಕೆತ್ತಲು ಕೂತುಕೊಳ್ಳಿ. ನಡುಗೆರೆ, ಎಲೆಯ ಹೊರಗೆರೆ, ಒಳಗಿನ ನೆರಳಿನ ಸಣ್ಣ ಗೆರೆಗಳು, ಕೊನೆಗೆ ಹಿನ್ನೆಲೆಗೆ ಚುಕ್ಕಿ ಪಂಚು. ಪಂಚಿಗೆ ಸುತ್ತಿಗೆ ಮುಟ್ಟಿದರೆ ಸಾಕು.

ಉಳಿ ಜಾರಿಯೇ ಜಾರುತ್ತದೆ. ಆಳವಿಲ್ಲದ ಗೀರಾದರೆ ನಯವಾದ ಉಕ್ಕಿನ ಬೆನ್ನಿಂದ ತೀಡಿ ಮುಚ್ಚಬಹುದು. ಆಳವಾದರೆ ಅದನ್ನೇ ಒಂದು ಕುಡಿಯಾಗಿ ಮಾಡಿ. ನನ್ನ ಕೆಲಸದಲ್ಲಿ ಜನ ಹೊಗಳಿದ ಕುಡಿಗಳಲ್ಲಿ ಅರ್ಧ ಹಾಗೆ ಹುಟ್ಟಿದವು.

ಹೆಸರು ಕೆತ್ತಿಸುವವರೇ ಹೆಚ್ಚು. ಕನ್ನಡದ ಅಕ್ಷರಗಳು ಉರುಟು, ಹಲಗೆ ತಿರುಗಿಸಲು ಬಂದವರಿಗೆ ಅವು ಸುಲಭ. ಹೊಟ್ಟೆಯನ್ನು ಮೊದಲು ಕೆತ್ತಿ, ತಲೆಕಟ್ಟನ್ನು ಕೊನೆಗೆ ಎಡದಿಂದ ಬಲಕ್ಕೆ ಒಂದೇ ತಳ್ಳಿಗೆ ಮುಗಿಸಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಲು ಮರೆತು ಒಬ್ಬರ ಹೆಸರಿನ ಒತ್ತನ್ನೇ ಅಂಚಿನಿಂದ ಹೊರಗೆ ಬೀಳಿಸಿದ್ದೇನೆ, ನೀವು ಮೊದಲು ಕಾಗದದಲ್ಲಿ ಅಳೆಯಿರಿ. ಸಪ್ತಭಾಷೆಗಳ ನಾಡಾದ್ದರಿಂದ ಮಲಯಾಳದ ಹೆಸರೂ ಬರುತ್ತದೆ. ಅದಕ್ಕೆ ತಲೆಕಟ್ಟಿಲ್ಲ, ಸುರುಳಿ ಜಾಸ್ತಿ.

ಒಮ್ಮೆ ಒಬ್ಬರು ಅನಂತಪುರದ ಕೆರೆಯ ಬಬಿಯಾ ಬೇಕೆಂದರು. ದೇವರ ನೈವೇದ್ಯ ತಿಂದು ಬದುಕಿದ ಆ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತ್ತು. ಬಾಯಿ ತೆರೆಯುವ ಅಡಕತ್ತರಿಗೆ ಅದಕ್ಕಿಂತ ಒಪ್ಪುವ ರೂಪ ನನಗೂ ಹೊಳೆದಿರಲಿಲ್ಲ. ಬೆನ್ನಿನ ಹುರುಪೆಗೆ ಅರ್ಧಚಂದ್ರದ ಪಂಚು ಬಳಸಿದೆ, ಬಾಲದ ಕಡೆಗೆ ಬರುತ್ತಾ ಪಂಚಿನ ಅಳತೆ ಚಿಕ್ಕದಾಗುತ್ತಾ ಹೋಗಬೇಕು, ಮೂರು ಅಳತೆಯ ಪಂಚು ಸಾಕಾಯಿತು.

ಕಪ್ಪು ತುಂಬುವುದು, ಎಣ್ಣೆ ಒರೆಸುವುದು

ರಾಳದಿಂದ ಬಿಡಿಸಲು ಹಲಗೆಯನ್ನು ಬೆಚ್ಚಗೆ ಮಾಡಿ. ಅಂಟಿ ಉಳಿದದ್ದನ್ನು ಸ್ಪಿರಿಟಿನಲ್ಲಿ ಒರೆಸಿ, ಬಿಂಬುಳಿಯ ರಸದಿಂದ ಹಿತ್ತಾಳೆ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಗೆರೆಗಳಿಗೆ ಕಪ್ಪು ಎನಾಮೆಲ್ ಬಣ್ಣ ತುಂಬಿ, ಹಳೆಯ ಲಗ್ನಪತ್ರಿಕೆಯ ರಟ್ಟಿನಿಂದ ಮೇಲ್ಮೈ ಒರೆಸಿಬಿಡಿ, ಗೆರೆಯೊಳಗಿನದು ಮಾತ್ರ ಉಳಿಯುತ್ತದೆ. ಎರಡು ದಿನ ಬಿಟ್ಟು 1000ದ ಎಮರಿ ಕಾಗದದಿಂದ ಒಮ್ಮೆ ಹಗುರಾಗಿ ಎಳೆಯಿರಿ. ಕೆಲಸವಾದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಸಲೀಸಾಗಿ ಕೊರೆಯುವ ಹಿತ್ತಾಳೆ ಸರಳುಗಳಲ್ಲಿ ಸೀಸ ಬೆರೆತಿರುತ್ತದೆ.

ಅಲಗು ಅಡಿಕೆ ಕತ್ತರಿಸುತ್ತಾ ಕಪ್ಪಾಗುತ್ತದೆ. ಅಡಿಕೆಯ ಚೊಗರು ಕಬ್ಬಿಣದೊಡನೆ ಸೇರಿ ಆಗುವ ಕಪ್ಪು ಅದು, ತುಕ್ಕಲ್ಲ, ಉಜ್ಜಿ ತೆಗೆಯುವ ಗೋಜಿಗೆ ಹೋಗಬೇಡಿ. ತುಕ್ಕು ಬರುವುದು ಮಳೆಗಾಲದಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಆಟಿ ತಿಂಗಳಿಡೀ ಕೀಲಿಗೆ ವಾರಕ್ಕೊಂದು ಹನಿ ತೆಂಗಿನೆಣ್ಣೆ ಬಿಟ್ಟು, ಅಲಗನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಡಿ.